ಕೆರೆ ಏರಿಯಿಂದ ಹಸಿರು ಪೀಠದವರೆಗೆ: ಪರಿಸರ ವಕಾಲತ್ತು ಮಾಡುವುದು ಹೇಗೆ

ಎನ್‌ಜಿಟಿ, ಅಂದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಶುರುವಾದ ಹೊಸದು. ಒಂದು ಕಲ್ಲು ಕ್ವಾರಿಗೆ ಕೊಟ್ಟ ಪರಿಸರ ಅನುಮತಿಯ ಪ್ರತಿ ಹಿಡಿದು ನಾಲ್ವರು ರೈತರು ನನ್ನ ಕಚೇರಿಗೆ ಬಂದರು. ಅನುಮತಿ ಪ್ರಕಟವಾಗಿ 76 ದಿನ ಆಗಿತ್ತು. ಮೇಲ್ಮನವಿಗೆ ಕಾಯ್ದೆ ಕೊಡುವುದು 30 ದಿನ. ತಕ್ಕ ಕಾರಣ ತೋರಿಸಿದರೆ ಇನ್ನು 60. ಇನ್ನೂ 14 ದಿನ ಇದೆಯಲ್ಲ ಎಂದುಕೊಂಡೆ. ಕೂತು 62 ಪುಟ ಬರೆದೆ. ತಿದ್ದಿದೆ, ಮತ್ತೆ ತಿದ್ದಿದೆ. ಕನ್ನಡದ ದಾಖಲೆಗಳ ಅನುವಾದ ತಡವಾಯಿತು. ಚೆನ್ನೈಗೆ ಹೋಗಿ ಸಲ್ಲಿಸಿದಾಗ 93ನೇ ದಿನ. 90 ದಿನ ದಾಟಿದ ಮೇಲೆ ವಿಳಂಬ ಮನ್ನಿಸುವ ಅಧಿಕಾರ ಆ ಪೀಠಕ್ಕೇ ಇಲ್ಲ. ನನ್ನ 62 ಪುಟದಲ್ಲಿ ಒಂದು ಪುಟವನ್ನೂ ಯಾರೂ ಓದಲಿಲ್ಲ.

ಕ್ವಾರಿ ಸಿಡಿತಕ್ಕೆ ಅವರಲ್ಲೊಬ್ಬರ ಅಡುಗೆ ಮನೆ ಗೋಡೆ ಬಿರುಕು ಬಿಟ್ಟಿತ್ತು. ಬಿರುಕಿನ ಅಗಲ ತಿಳಿಯಲಿ ಎಂದು ಪಕ್ಕದಲ್ಲಿ ಐದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದಿದ್ದೆ. ಆ ಫೋಟೋ ಇವತ್ತಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ. ಕಿರಿಯ ವಕೀಲರಿಗೆ ಈ ಕೆಲಸ ಹೇಳಿಕೊಡುವಾಗ ನಾನು ಶುರು ಮಾಡುವುದೇ ಅಲ್ಲಿಂದ. ಪರಿಸರದ ಕೇಸು ಗೆಲ್ಲುವುದೂ ಸೋಲುವುದೂ ಕೋರ್ಟ್ ಹಾಲ್‌ನಲ್ಲಿ ಕಡಿಮೆ. ಕ್ಯಾಲೆಂಡರ್‌ನಲ್ಲಿ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಕೆರೆಯ ಏರಿ ಮೇಲೆ ಜಾಸ್ತಿ. ಈ ಕೆಲಸಕ್ಕೆ ಬರಬೇಕು ಎಂದುಕೊಂಡಿರುವ ಕಾನೂನು ವಿದ್ಯಾರ್ಥಿಗಳಿಗೆ, ಈಗಾಗಲೇ ಕರಿಕೋಟು ಹಾಕಿದವರಿಗೆ, ತಮ್ಮ ಊರಿನ ಕೆರೆಗಾಗಿ ಓಡಾಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಓದು ಮತ್ತು ಸನ್ನದು

ಇದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಪಿಯುಸಿ ಮುಗಿಸಿ 5 ವರ್ಷದ ಕೋರ್ಸ್, ಇಲ್ಲವೇ ಪದವಿ ಮುಗಿಸಿ 3 ವರ್ಷದ ಎಲ್‌ಎಲ್‌ಬಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಓದಿದವರೂ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಡಿ ಜಿಲ್ಲಾ ಕಾಲೇಜಿನಲ್ಲಿ ಓದಿದವರೂ ಈ ಕೆಲಸದಲ್ಲಿ ಚೆನ್ನಾಗಿ ಮಾಡುತ್ತಿದ್ದಾರೆ. ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ ಮೀರುವಂತಿಲ್ಲ. ಇದು ಗೊತ್ತಿರಲಿ. ಅದಾದ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ.

ಹೆಜ್ಜೆ 2: ಮೊದಲ ಕೆಲವು ವರ್ಷ ಕಂದಾಯ ಕೋರ್ಟ್ ಸುತ್ತಿ

ಪರಿಸರದ ಮೇಲೆ ಪ್ರೀತಿ ಇರುವ ಹುಡುಗ ಹುಡುಗಿಯರು ನೇರವಾಗಿ ಹೈಕೋರ್ಟ್‌ಗೆ ಹೋಗಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಬೇಕು ಎನ್ನುತ್ತಾರೆ. ಬೇಡ ಎನ್ನುತ್ತೇನೆ. ಮೂರು ನಾಲ್ಕು ವರ್ಷ ತಹಶೀಲ್ದಾರ್, ಉಪವಿಭಾಗಾಧಿಕಾರಿ ಕೋರ್ಟ್‌ಗಳಲ್ಲಿ ಜಮೀನಿನ ಕೇಸು ಮಾಡುವ ಹಿರಿಯರ ಬಳಿ ಕೆಲಸ ಕಲಿಯಿರಿ. ಯಾಕೆಂದರೆ ಕೆರೆ, ಗೋಮಾಳ, ಗುಂಡುತೋಪು, ರಾಜಕಾಲುವೆ ಎಲ್ಲವೂ ಕೊನೆಗೆ ಒಂದು ಸರ್ವೆ ನಂಬರ್.

ಪಹಣಿಯ 3ನೇ ಕಾಲಂನಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ‘ಅ’ ಎಷ್ಟು, ‘ಬ’ ಎಷ್ಟು ಎಂದು ಓದಲು ಬರಬೇಕು. ‘ಬ’ ಖರಾಬು ಸಾರ್ವಜನಿಕ ಉಪಯೋಗದ್ದು. ಅದರ ಮೇಲೆ ಯಾರೂ ಹಕ್ಕು ಸಾಧಿಸುವಂತಿಲ್ಲ. 9ನೇ ಕಾಲಂನಲ್ಲಿ ‘ಸರ್ಕಾರಿ ಕೆರೆ’ ಎಂದು ಇದ್ದದ್ದು ಯಾವ ವರ್ಷದಿಂದ ಬೇರೆ ಹೆಸರಿಗೆ ತಿರುಗಿತು ಎಂದು ಹಿಂದಕ್ಕೆ ಹುಡುಕಲು ಬರಬೇಕು. ಗ್ರಾಮ ನಕಾಶೆ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಸರ್ವೆಯವರ ಅಳತೆ ನಕ್ಷೆ) ಮೂರನ್ನೂ ಪಕ್ಕಪಕ್ಕ ಇಟ್ಟರೆ ಕೆರೆಯ ನಿಜವಾದ ಅಳತೆ ಎದ್ದು ಕಾಣುತ್ತದೆ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಕೆರೆ, ಹಳ್ಳ, ಕಾಲುವೆ ಸರ್ಕಾರದ ಸ್ವತ್ತು. ಈ ಒಂದು ಕಲಂ ಮತ್ತು ಒಂದು ಹಳೇ ನಕಾಶೆ ಸೇರಿ ಗೆದ್ದ ಕೇಸುಗಳು ನನ್ನ ಬೀರುವಿನಲ್ಲಿ ಒಂದು ಸಾಲು ಪೂರ್ತಿ ಇವೆ.

ಬಳ್ಳಾರಿ ಗಣಿಗಾರಿಕೆ ಕೇಸನ್ನೇ ನೋಡಿ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 2009ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋಯಿತು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು. ಆಮೇಲೆ ಏನಾಯಿತು? ಜಂಟಿ ತಂಡಗಳು ಒಂದೊಂದು ಗುತ್ತಿಗೆಯ ಗಡಿಯನ್ನೂ ಅಳೆದವು. ಗಡಿ ಎಷ್ಟು ದಾಟಿದ್ದಾರೆ ಎನ್ನುವುದರ ಮೇಲೆ ಎ, ಬಿ, ಸಿ ಎಂದು ಮೂರು ಗುಂಪು ಮಾಡಿದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅತಿ ಹೆಚ್ಚು ದಾಟಿದ್ದ ಸಿ ಗುಂಪಿನ ಗುತ್ತಿಗೆಗಳು ರದ್ದಾದವು. ಅಷ್ಟು ದೊಡ್ಡ ಕೇಸಿನಲ್ಲೂ ಕೊನೆಗೆ ಮಾತಾಡಿದ್ದು ಸರ್ವೆ.

ಹೆಜ್ಜೆ 3: ಮೊದಲ ಪ್ರಶ್ನೆ ತಾರೀಖಿನದ್ದು

ಕಕ್ಷಿದಾರರು ಬಂದು ಕೂತ ತಕ್ಷಣ ಏನಾಯಿತು ಎಂದು ಕೇಳಬೇಡಿ. ಅದನ್ನು ಅವರೇ ಹೇಳುತ್ತಾರೆ. ‘ನಿಮಗೆ ಇದು ಮೊದಲು ಯಾವತ್ತು ಗೊತ್ತಾಯ್ತು?’ ಎಂದು ಕೇಳಿ. ಉತ್ತರವನ್ನು ಫೈಲಿನ ಹೊರಗಡೆ ದಪ್ಪ ಅಕ್ಷರದಲ್ಲಿ ಬರೆಯಿರಿ.

2010ರ ಎನ್‌ಜಿಟಿ ಕಾಯ್ದೆಯಲ್ಲಿ ಮೂರು ಗಡುವು ಇದೆ. 14ನೇ ಕಲಂ ಕೆಳಗೆ ಪರಿಸರದ ವಿವಾದ ತರಲು 6 ತಿಂಗಳು, ಮೇಲೆ 60 ದಿನ. ಇದು ವಿವಾದಕ್ಕೆ ಕಾರಣ ‘ಮೊದಲು ಹುಟ್ಟಿದ’ ದಿನದಿಂದ ಲೆಕ್ಕ. 15ನೇ ಕಲಂ ಕೆಳಗೆ ಪರಿಹಾರ, ಹಾಳಾದದ್ದನ್ನು ಮೊದಲಿನಂತೆ ಮಾಡಿಸುವುದು ಇವುಗಳಿಗೆ 5 ವರ್ಷ, ಮೇಲೆ 60 ದಿನ. 16ನೇ ಕಲಂ ಕೆಳಗೆ ಮೇಲ್ಮನವಿಗೆ 30 ದಿನ, ಮೇಲೆ 60. ನನ್ನನ್ನು ಬೀಳಿಸಿದ್ದು ಈ ಮೂರನೆಯದು.

ಪರಿಸರ ಅನುಮತಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅನುಮತಿಯನ್ನು ಸಚಿವಾಲಯದ ಜಾಲತಾಣದಲ್ಲಿ ಹಾಕುತ್ತಾರೆ, ಕಂಪನಿ ಪತ್ರಿಕೆಯಲ್ಲಿ ಪ್ರಕಟಿಸುತ್ತದೆ, ಪಂಚಾಯಿತಿಗೆ ಪ್ರತಿ ಬರುತ್ತದೆ. ಇವುಗಳಲ್ಲಿ ಯಾವುದು ಮೊದಲು ಪೂರ್ತಿಯಾಯಿತೋ ಅಲ್ಲಿಂದ ದಿನ ಎಣಿಸುತ್ತಾರೆ. ನಮ್ಮ ರೈತರ ಕೈಗೆ ಕಾಗದ ಸಿಕ್ಕ ದಿನದಿಂದ ಅಲ್ಲ.

ಹಾಗಾಗಿ ನಾನು ಈಗ ಮಾಡುವುದು ಇಷ್ಟು. ಗಡುವು ಹತ್ತಿರ ಇದ್ದರೆ 12 ಪುಟದ ಅರ್ಜಿ ಬರೆದು ಮೊದಲು ಸಲ್ಲಿಸುತ್ತೇನೆ. ಹೆಚ್ಚಿನ ದಾಖಲೆ ಆಮೇಲೆ ಕೊಡಬಹುದು. ದಾಟಿದ ದಿನವನ್ನು ವಾಪಸ್ ತರಲು ಆಗುವುದಿಲ್ಲ.

ಹೆಜ್ಜೆ 4: ಯಾವ ಬಾಗಿಲು ತಟ್ಟಬೇಕು

ಎಲ್ಲ ಪರಿಸರದ ಕೇಸೂ ಎನ್‌ಜಿಟಿಗೆ ಹೋಗುವುದಿಲ್ಲ. ಆ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಏಳು ಕಾಯ್ದೆಗಳ ಪಟ್ಟಿ ಇದೆ. 1974ರ ಜಲ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, 2002ರ ಜೀವವೈವಿಧ್ಯ ಕಾಯ್ದೆ ಅದರಲ್ಲಿ ಮುಖ್ಯ. 1972ರ ವನ್ಯಜೀವಿ ಕಾಯ್ದೆ ಆ ಪಟ್ಟಿಯಲ್ಲಿ ಇಲ್ಲ. ಬೀದಿ ಬದಿ ಮರ ಕಡಿಯುವುದರ ವಿರುದ್ಧ ನಾವು ಬಳಸುವ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯೂ ಇಲ್ಲ. ಅಂಥವಕ್ಕೆ ಹೈಕೋರ್ಟ್. ಬೆಂಗಳೂರು, ಧಾರವಾಡ, ಕಲಬುರಗಿ ಮೂರು ಕಡೆ ಪೀಠ ಇರುವುದು ನಮಗೊಂದು ಅನುಕೂಲ.

ಕರ್ನಾಟಕದ ಕೇಸು ಎನ್‌ಜಿಟಿಯಲ್ಲಿ ಹೋಗುವುದು ಚೆನ್ನೈನ ದಕ್ಷಿಣ ವಲಯ ಪೀಠಕ್ಕೆ. ಈಗ ಆನ್‌ಲೈನ್‌ನಲ್ಲಿ ಸಲ್ಲಿಸಬಹುದು, ವಿಡಿಯೊ ಮೂಲಕ ವಾದ ಮಾಡಬಹುದು. ನಮ್ಮ ಕಾಲದಲ್ಲಿ ಪ್ರತಿ ದಿನಾಂಕಕ್ಕೂ ರಾತ್ರಿ ರೈಲು ಹತ್ತಬೇಕಿತ್ತು. ಎನ್‌ಜಿಟಿ ಆದೇಶದ ಮೇಲೆ ಸುಪ್ರೀಂ ಕೋರ್ಟ್‌ಗೆ 90 ದಿನದೊಳಗೆ ಹೋಗಬಹುದು. ಹೈಕೋರ್ಟ್‌ನ ರಿಟ್ ಅಧಿಕಾರವೂ (ಸರ್ಕಾರದ ನಡೆಯನ್ನು ನೇರವಾಗಿ ಪ್ರಶ್ನಿಸುವ ಅರ್ಜಿ ಕೇಳುವ ಅಧಿಕಾರ) ಹಾಗೇ ಉಳಿದಿದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೆಹಲಿಗೆ ಹೋಗಲು ಕಾಸಿಲ್ಲದ ಹಳ್ಳಿಯವರಿಗೆ ಇದು ದೊಡ್ಡ ಮಾತು.

ಜನ ಮರೆತಿರುವ ಬಾಗಿಲು ಒಂದಿದೆ. ಅದು ಉಪವಿಭಾಗಾಧಿಕಾರಿ ಕಚೇರಿ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಇತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 152. ಸಾರ್ವಜನಿಕ ಉಪದ್ರವ ನಿಲ್ಲಿಸಿ ಎಂದು ಆದೇಶ ಮಾಡುವ ಅಧಿಕಾರ ಅವರಿಗಿದೆ. 1980ರ ರತ್ಲಾಮ್ ಪುರಸಭೆಯ ತೀರ್ಪು ಬಂದದ್ದು ಇದೇ ಕಲಂ ಮೇಲೆ. ಚರಂಡಿ ಕಟ್ಟಲು ದುಡ್ಡಿಲ್ಲ ಎಂದು ಪುರಸಭೆ ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅವತ್ತೇ ಹೇಳಿತು. ಕೋಳಿ ಫಾರಂ ವಾಸನೆ, ಚರಂಡಿ ನೀರು, ಇಟ್ಟಿಗೆ ಗೂಡಿನ ಹೊಗೆ ಇಂಥವಕ್ಕೆ ಚೆನ್ನೈವರೆಗೆ ಹೋಗುವುದು ಯಾಕೆ?

ಇನ್ನು ಯೋಜನೆಗೆ ಅನುಮತಿಯೇ ಸಿಕ್ಕಿಲ್ಲ ಎಂದಿಟ್ಟುಕೊಳ್ಳಿ. ಆಗ ನಿಮ್ಮ ಜಾಗ ಸಾರ್ವಜನಿಕ ಅಹವಾಲು ಸಭೆ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ತಿಳಿಸಬೇಕು. ಆ ಅಧ್ಯಯನದ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಸಭೆಯನ್ನು ವಿಡಿಯೊ ಮಾಡಲೇಬೇಕು. ಇಷ್ಟೇ ಜನ ಸೇರಬೇಕು ಎಂಬ ಕೋರಂ ಇಲ್ಲ. ಅಂದರೆ ಊರವರೆಲ್ಲ ಬಹಿಷ್ಕಾರ ಹಾಕಿ ಮನೆಯಲ್ಲಿ ಕೂತರೂ ಸಭೆ ನಡೆದಂತೆಯೇ ಲೆಕ್ಕ. ಬಹಿಷ್ಕಾರ ಬೇಡ, ಹೋಗಿ. ಬರಹದಲ್ಲಿ ಆಕ್ಷೇಪ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಮುಂದೆ ಮೇಲ್ಮನವಿಯಲ್ಲಿ ಆ ಒಂದು ಹಾಳೆ ನಿಮ್ಮ ಕಾಲು ಊರುವ ನೆಲ.

ಹೆಜ್ಜೆ 5: ಜಾಗಕ್ಕೆ ಹೋಗಿ, ಊರವರ ಮಾತು ಕೇಳಿ

ಬಯಲುಸೀಮೆಯ ಒಂದು ಕೆರೆಯ ಕೇಸು ಹೇಳುತ್ತೇನೆ. ಮೇಲಿನ ಪಟ್ಟಣದ ಕೊಳಚೆ ನೀರು ಶುದ್ಧೀಕರಣ ಘಟಕದಿಂದ ನೀರು ಹಳ್ಳಕ್ಕೆ ಬಿದ್ದು, ಹಳ್ಳ ಈ ಕೆರೆಗೆ ಸೇರುತ್ತಿತ್ತು. ನೀರು ಹಸಿರು ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನ ಬಂದು ನೋಡಿದ ಅಧಿಕಾರಿಗಳು ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ ಎಂದು ಬರೆದುಕೊಂಡು ಹೋಗಿದ್ದರು. ಅವರ ಮೀಟರ್ ಸುಳ್ಳು ಹೇಳಿರಲಿಲ್ಲ.

ಕೆರೆಯಲ್ಲಿ ಮೀನು ಹಿಡಿಯುವ ಒಬ್ಬ ಅಜ್ಜ ತೂಬಿನ ಕಲ್ಲಿನ ಮೇಲೆ ಕೂತಿದ್ದರು. ‘ಬೆಳಗಿನ ಜಾವ ಬಂದು ನೋಡಿ ಸ್ವಾಮಿ, ಮೀನೆಲ್ಲ ಬಾಯಿ ಮೇಲೆ ಮಾಡ್ಕೊಂಡು ನಿಂತಿರ್ತವೆ’ ಎಂದರು. ಮಾರನೇ ದಿನ ಐದು ಗಂಟೆಗೆ ಹೋದೆವು. ಟಾರ್ಚ್ ಬೆಳಕಿನಲ್ಲಿ ಅಂಚಿನುದ್ದಕ್ಕೂ ಮೀನುಗಳ ಬಾಯಿ ಕಾಣುತ್ತಿತ್ತು, ತೆರೆದು ಮುಚ್ಚಿ, ತೆರೆದು ಮುಚ್ಚಿ. ಕಾರಣ ಸರಳ. ಕೊಳಚೆಯಿಂದ ಪಾಚಿ ಬೆಳೆದಿರುತ್ತದೆ. ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಬ್ಯಾಕ್ಟೀರಿಯಾ ಎಲ್ಲ ಸೇರಿ ಅದನ್ನು ಹೀರಿಕೊಳ್ಳುತ್ತವೆ. ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ತೀರಾ ಕಡಿಮೆ. ಅಜ್ಜನಿಗೆ ಗೊತ್ತಿದ್ದದ್ದು ನನ್ನ ಯಾವ ಕಾನೂನು ಪುಸ್ತಕದಲ್ಲೂ ಇರಲಿಲ್ಲ. ಕೇಸು ತಿರುಗಿದ್ದು ಅಲ್ಲಿಂದ.

ಜಾಗಕ್ಕೆ ಹೋದಾಗ ಕೋಡಿ, ತೂಬು, ಏರಿ, ಅಂಗಳ ಎಲ್ಲ ನಡೆದು ನೋಡಿ. ನೀರು ಎಲ್ಲಿಂದ ಬರುತ್ತದೆ ಎಂದು ಹಿಮ್ಮುಖವಾಗಿ ಹಳ್ಳದಲ್ಲೇ ನಡೆಯಿರಿ. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಅದನ್ನೇ ದಾಖಲೆ ಎಂದು ಕೊಡಬೇಡಿ, ಯಾವ ದಾಖಲೆ ಕೇಳಬೇಕು ಎಂದು ತಿಳಿಯಲು ಬಳಸಿ.

ಹೆಜ್ಜೆ 6: ದಾಖಲೆ ತೆಗೆಸುವುದು

ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ ನಮ್ಮ ಮುಖ್ಯ ಸಲಕರಣೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಶುಲ್ಕ 10 ರೂಪಾಯಿ. ಇದನ್ನು ಮೀರಿದರೆ ವಾಪಸ್ ಬರುತ್ತದೆ, ತಿಂಗಳು ಹೋಗುತ್ತದೆ. ‘ಯಾಕೆ ಕ್ರಮ ತೆಗೆದುಕೊಂಡಿಲ್ಲ’ ಎಂದು ಕೇಳಬೇಡಿ. ಕಾರಣ ಹೇಳುವುದು ಅವರ ಕೆಲಸ ಅಲ್ಲ, ದಾಖಲೆ ಕೊಡುವುದು ಅವರ ಕೆಲಸ. ಆ ಕೆರೆಗೆ ನಾವು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದದ್ದು ಹೀಗಿತ್ತು:

‘ವಿಷಯ: ಪಟ್ಟಣದ ಕೊಳಚೆ ನೀರು ಶುದ್ಧೀಕರಣ ಘಟಕದ ಕಡತ. ಕಳೆದ ಮೂರು ವರ್ಷದ ಈ ದಾಖಲೆಗಳ ದೃಢೀಕೃತ ಪ್ರತಿ ಕೊಡಿ. ಒಂದು, ಘಟಕದ ಚಾಲನಾ ಸಮ್ಮತಿ ಪತ್ರ, ಷರತ್ತುಗಳ ಸಮೇತ. ಎರಡು, ಘಟಕದಿಂದ ಹೊರಬರುವ ನೀರಿನ ಎಲ್ಲ ಪ್ರಯೋಗಾಲಯ ವರದಿ. ಮೂರು, ಸ್ಥಳ ತನಿಖೆ ವರದಿಗಳು. ನಾಲ್ಕು, ಘಟಕಕ್ಕೆ ಕೊಟ್ಟ ನೋಟಿಸ್ ಮತ್ತು ಅದಕ್ಕೆ ಬಂದ ಉತ್ತರ. ಕಡತವನ್ನು ಖುದ್ದಾಗಿ ನೋಡಲು ದಿನಾಂಕ ತಿಳಿಸಿ.’

ಕೊನೆಯ ಸಾಲು ಬಿಡಬೇಡಿ. ಕಡತ ನೋಡುವ ಹಕ್ಕು ಕಾಯ್ದೆಯಲ್ಲೇ ಇದೆ. ಪ್ರತಿ ತರಿಸಿಕೊಂಡರೆ ಅವರು ಕೊಟ್ಟಷ್ಟೇ ಸಿಗುತ್ತದೆ. ಕೂತು ಟಿಪ್ಪಣಿ ಹಾಳೆ ತಿರುವಿದರೆ, ಮಂಡಳಿಯದೇ ಅಧಿಕಾರಿ ಎರಡು ವರ್ಷದ ಹಿಂದೆ ‘ಘಟಕ ಸರಿಯಾಗಿ ನಡೆಯುತ್ತಿಲ್ಲ’ ಎಂದು ಬರೆದದ್ದು ಸಿಗಬಹುದು. ನಮಗೆ ಸಿಕ್ಕಿತು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಅದೂ 30 ದಿನದೊಳಗೆ. ಇದರ ತಾರೀಖೂ ಡೈರಿಯಲ್ಲಿ ಇರಲಿ. ಮತ್ತೆ ಒಂದು ಎಚ್ಚರಿಕೆ: ಆರ್‌ಟಿಐ ಉತ್ತರಕ್ಕೆ ಕಾಯುತ್ತಾ ಎನ್‌ಜಿಟಿಯ 6 ತಿಂಗಳು ಕಳೆದುಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಎರಡೂ ಒಟ್ಟಿಗೆ ನಡೆಯಬೇಕು.

ಹೆಜ್ಜೆ 7: ನೀರಿನ ಮಾದರಿ

ಕಕ್ಷಿದಾರರು ತಂಪು ಪಾನೀಯದ ಬಾಟಲಿಯಲ್ಲಿ ಕಪ್ಪು ನೀರು ತುಂಬಿಕೊಂಡು ಬರುತ್ತಾರೆ. ಅವರ ನೋವು ನಿಜ. ಆದರೆ ಆ ಬಾಟಲಿ ಯಾವ ಉಪಯೋಗಕ್ಕೂ ಬರುವುದಿಲ್ಲ.

ಸರಿಯಾದ ಕ್ರಮ ಹೀಗಿದೆ. ಮಾನ್ಯತೆ ಪಡೆದ ಪ್ರಯೋಗಾಲಯದವರನ್ನೇ ಕರೆಸಿ. ಅವರದೇ ಶುದ್ಧ ಬಾಟಲಿ. ಅದೇ ನೀರಿನಿಂದ ಮೂರು ಸಲ ತೊಳೆದು, ಹರಿವಿಗೆ ಎದುರಾಗಿ ಹಿಡಿದು, ಗುಳ್ಳೆ ಉಳಿಯದಂತೆ ತುಂಬಬೇಕು. ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟರೆ ದಾರಿಯಲ್ಲೇ ನೀರಿನ ಗುಣ ಬದಲಾಗುತ್ತದೆ. ಜಾಗ, ದಿನ, ಗಂಟೆ, ತೆಗೆದವರ ಹೆಸರು ಬಾಟಲಿ ಮೇಲೆ ಬರೆದು, ಪಂಚನಾಮೆ ಮಾಡಿ ಇಬ್ಬರು ಊರವರ ಸಹಿ ಹಾಕಿಸಿ.

ಕರಗಿದ ಆಮ್ಲಜನಕವನ್ನು ಅಲ್ಲೇ ‘ಕಟ್ಟಿಹಾಕಬೇಕು’. ಅವತ್ತು ಬೆಳಗಿನ ಜಾವ ಪ್ರಯೋಗಾಲಯದ ಹುಡುಗಿ 300 ಮಿಲಿ ಗಾಜಿನ ಸೀಸೆಗೆ ಎರಡು ದ್ರಾವಣ ಹಾಕಿ ಮುಚ್ಚಳ ಒತ್ತಿ ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಆಮ್ಲಜನಕ ಇದ್ದರೆ ಒಳಗೆ ಕಂದು ಬಣ್ಣದ ಗಸಿ ಕೂರುತ್ತದೆ. ನಮ್ಮ ಸೀಸೆಯಲ್ಲಿ ಗಸಿ ಹಾಲಿನಂತೆ ಬೆಳ್ಳಗೆ ಕೂತಿತು. ಅಂದರೆ ಆಮ್ಲಜನಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೀನು ಬದುಕಲು ಒಂದು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕು. ಅಜ್ಜ ಸೀಸೆಯನ್ನು ಕೈಗೆ ತಗೊಂಡು ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ.

ಹೊರಬಿಡುವ ನೀರಿಗೆ ಬೇರೆ ಅಳತೆ. ಕೆರೆ, ಹೊಳೆಗೆ ಬಿಡುವ ತ್ಯಾಜ್ಯ ನೀರಿನ ಸಾಮಾನ್ಯ ಮಿತಿಯಲ್ಲಿ ಬಿಒಡಿ (ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾದ ಆಮ್ಲಜನಕ) ಲೀಟರಿಗೆ 30 ಮಿಲಿಗ್ರಾಂ, ಸಿಒಡಿ (ರಾಸಾಯನಿಕವಾಗಿ ಕರಗಿಸಲು ಬೇಕಾದ ಆಮ್ಲಜನಕ) 250. ಆದರೆ ಮಂಡಳಿ ಘಟಕಕ್ಕೆ ಕೊಟ್ಟ ಸಮ್ಮತಿ ಪತ್ರದಲ್ಲಿ ಇನ್ನೂ ಬಿಗಿಯಾದ ಮಿತಿ ಬರೆದಿರಬಹುದು. ಮೊದಲು ಅದನ್ನು ನೋಡಿ.

ಇನ್ನೊಂದು ತಿಳಿದಿರಲಿ. ಜಲ ಕಾಯ್ದೆಯ 21ನೇ ಕಲಂನಲ್ಲಿ ಮಂಡಳಿ ಮಾದರಿ ತೆಗೆಯುವ ಕ್ರಮ ಇದೆ. ಘಟಕದವರಿಗೆ ನೋಟಿಸ್ ಕೊಟ್ಟು, ಅವರ ಎದುರು ತೆಗೆದು, ಎರಡು ಭಾಗ ಮಾಡಿ, ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ಕ್ರಿಮಿನಲ್ ಕೇಸಿನಲ್ಲಿ ನಿಲ್ಲುವುದು ಆ ಮಾದರಿ ಮಾತ್ರ. ನಾವು ತೆಗೆಸಿದ್ದು ಅದರ ಬದಲಿಗೆ ಅಲ್ಲ. ‘ಸ್ವಾಮಿ, ಇಲ್ಲಿ ಏನೋ ಕೆಟ್ಟಿದೆ, ನೀವೇ ತೆಗೆಸಿ ನೋಡಿ’ ಎಂದು ಪೀಠದ ಮುಂದೆ ಕೇಳಲು ಅದು ಸಾಕು.

ಫೋಟೋ, ವಿಡಿಯೊಗೂ ಒಂದು ಮಾತು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ. ಅದರ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯಕ್ಕೆ ಎರಡು ಭಾಗದ ಪ್ರಮಾಣಪತ್ರ ಬೇಕು, ಹ್ಯಾಶ್ ಸಂಖ್ಯೆಯ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತು) ಸಮೇತ. ಎನ್‌ಜಿಟಿ ಸಾಕ್ಷ್ಯ ನಿಯಮಗಳಿಗೆ ಕಟ್ಟುಬಿದ್ದಿಲ್ಲ, ಆದರೂ ಮಾಡಿಡಿ. ಮೂಲ ಫೈಲ್ ಫೋನಿನಲ್ಲೇ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಮೂಲ ಅಲ್ಲ.

ಹೆಜ್ಜೆ 8: ಅರ್ಜಿ ಬರೆಯುವುದು

ಅರ್ಜಿಗೆ ಮುಂಚೆ ಮಂಡಳಿಗೆ, ಜಿಲ್ಲಾಧಿಕಾರಿಗೆ, ಪುರಸಭೆಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ದೂರು ಹೋಗಿರಲಿ. ಜಲ ಕಾಯ್ದೆಯ 33ಎ ಕೆಳಗೆ ಘಟಕ ಮುಚ್ಚಿಸುವ, ಕರೆಂಟ್ ಕಡಿತ ಮಾಡಿಸುವ ಅಧಿಕಾರ ಮಂಡಳಿಗೆ ಇದೆ. ಅದನ್ನು ಬಳಸಿ ಎಂದು ಕೇಳಿ. ಬಳಸದಿದ್ದರೆ ನಿಮ್ಮ ಅರ್ಜಿಗೆ ಬಲ ಬರುತ್ತದೆ.

ಅರ್ಜಿ ಚಿಕ್ಕದಿರಲಿ. ಮೊದಲ ಪುಟದಲ್ಲೇ ತಾರೀಖಿನ ಪಟ್ಟಿ. ಗಡುವಿನ ಬಗ್ಗೆ ಪ್ರತ್ಯೇಕ ಪ್ಯಾರಾ. ಹಾನಿ ಆಗಿದ್ದರೆ 14ರ ಜೊತೆ 15ನೇ ಕಲಂ ಕೂಡ ಹಾಕಿ. ಪರಿಹಾರ ಕೇಳದಿದ್ದರೆ ಶುಲ್ಕ 1,000 ರೂಪಾಯಿ. ಪರಿಹಾರ ಕೇಳಿದರೆ ಕೇಳಿದ ಮೊತ್ತದ ಶೇ 1. ಬಡತನ ರೇಖೆಗಿಂತ ಕೆಳಗಿನವರಿಗೆ ವಿನಾಯಿತಿ ಇದೆ. ಕನ್ನಡದ ಪ್ರತಿಯೊಂದು ದಾಖಲೆಗೂ ಇಂಗ್ಲಿಷ್ ಅನುವಾದ ಬೇಕು. ‘ಅಂಗಳ’, ‘ಕೋಡಿ’, ‘ಬ ಖರಾಬು’ ಇಂಥ ಪದಗಳನ್ನು ಅನುವಾದಕರ ಕೈಗೆ ಬಿಡಬೇಡಿ. ಕೆರೆಯ ಅಂಗಳ ಅನುವಾದದಲ್ಲಿ ಮನೆ ಮುಂದಿನ ಅಂಗಳ ಆಗಿ ಬಂದದ್ದನ್ನು ನಾನು ತಿದ್ದಿದ್ದೇನೆ.

ಏನು ಬೇಕು ಎಂದು ಕೇಳುವ ಭಾಗವನ್ನು ಎರಡು ದಿನ ಕೂತು ಬರೆಯಿರಿ. ಬೆಂಗಳೂರಿನ ಕೆರೆ ಬಫರ್ (ಕೆರೆ ಸುತ್ತ ಕಟ್ಟಡ ಕಟ್ಟದೆ ಬಿಡುವ ಜಾಗ) ಕೇಸು ಇದಕ್ಕೆ ಪಾಠ. 2016ರ ಮೇ 4ರಂದು ಎನ್‌ಜಿಟಿ ನಗರದ ಎಲ್ಲ ಕೆರೆಗೂ 75 ಮೀಟರ್ ಬಫರ್ ಎಂದಿತು. ನಮಗೆಲ್ಲ ಬಹಳ ಸಂತೋಷ ಆಗಿತ್ತು. ನಗರದ ಮಾಸ್ಟರ್ ಪ್ಲಾನ್‌ನಲ್ಲಿ ಇದ್ದದ್ದು 30 ಮೀಟರ್. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ 75 ಮೀಟರಿನ ಸಾಮಾನ್ಯ ನಿರ್ದೇಶನವನ್ನು ತೆಗೆದುಹಾಕಿತು. ಕಾನೂನಿನಂತೆ ಮಾಡಿದ ಯೋಜನೆಯನ್ನು ನ್ಯಾಯಮಂಡಳಿ ಬದಲಿಸುವಂತಿಲ್ಲ ಎಂದಿತು. ಕೆರೆಗೆ 75 ಮೀಟರ್ ಬೇಕೇ ಬೇಕು ಎಂದು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಅದನ್ನು ಕೇಳಬೇಕಾದ ಜಾಗ ವಿಧಾನಸಭೆ. ಪೀಠ ಕೊಡಬಹುದಾದದ್ದನ್ನೇ ಪೀಠದ ಮುಂದೆ ಕೇಳಿ: ಈ ಕೊಳವೆ ಮುಚ್ಚಿಸಿ, ಈ ತಾರೀಖಿನೊಳಗೆ ಈ ಯಂತ್ರ ಕೂರಿಸಿ, ಈ ಸರ್ವೆ ನಂಬರ್ ಅಳತೆ ಮಾಡಿ ಗಡಿ ಹಾಕಿ.

ಹೆಜ್ಜೆ 9: ಜಂಟಿ ಸಮಿತಿ ಬಂದಾಗ

ಎನ್‌ಜಿಟಿ ಸಾಮಾನ್ಯವಾಗಿ ಮಂಡಳಿ, ಜಿಲ್ಲಾಡಳಿತ ಎಲ್ಲ ಸೇರಿದ ಜಂಟಿ ಸಮಿತಿ ಮಾಡಿ ವರದಿ ಕೇಳುತ್ತದೆ. ನಿಮ್ಮ ಕೇಸಿನ ಹಣೆಬರಹ ಮುಕ್ಕಾಲು ಪಾಲು ಆ ವರದಿ. ಸಮಿತಿ ಬರುವ ದಿನವನ್ನು ಮುಂಚೆಯೇ ತಿಳಿಸಬೇಕು ಎಂದು ಆದೇಶದಲ್ಲೇ ಬರೆಸಿಕೊಳ್ಳಿ. ಅವತ್ತು ನೀವು ಅಲ್ಲಿರಬೇಕು, ಊರಿನವರೂ ಇರಬೇಕು. ಗಲಾಟೆ ಬೇಡ. ಎಲ್ಲಿ ನೋಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಸಮಿತಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ.

ನಮ್ಮ ಕೆರೆಗೆ ಸಮಿತಿ ಮಧ್ಯಾಹ್ನ 2 ಗಂಟೆಗೆ ಬರುವುದಿತ್ತು. ಬೆಳಗಿನ ಜಾವದ ಮಾದರಿ ಕೂಡ ತೆಗೆಯಬೇಕು ಎಂದು ನಾವು ಮೊದಲೇ ಪೀಠದ ಮುಂದೆ ಅರ್ಜಿ ಕೊಟ್ಟಿದ್ದೆವು. ಸಿಕ್ಕಿತು. ಒಂದೇ ಕೆರೆ, ಒಂದೇ ದಿನ, ಎರಡು ಓದು. ಆಮ್ಲಜನಕ ಲೀಟರಿಗೆ ಮಧ್ಯಾಹ್ನ 7 ಮಿಲಿಗ್ರಾಂ ಮೇಲೆ, ಬೆಳಗಿನ ಜಾವ 1 ಮಿಲಿಗ್ರಾಂಗಿಂತ ಕಡಿಮೆ. ಆ ಎರಡು ಅಂಕಿ ವರದಿಯಲ್ಲಿ ಪಕ್ಕಪಕ್ಕ ಬಂದ ಮೇಲೆ ನಾನು ಜಾಸ್ತಿ ವಾದ ಮಾಡಬೇಕಾಗಲಿಲ್ಲ.

ವರದಿ ನಿಮಗೆ ವಿರುದ್ಧ ಬಂದರೂ ಕೈಚೆಲ್ಲಬೇಡಿ. ಪ್ಯಾರಾ ಪ್ಯಾರಾಕ್ಕೂ ಬರಹದಲ್ಲಿ ಆಕ್ಷೇಪ ಸಲ್ಲಿಸಿ. ಪೀಠ ತನ್ನ ಬುದ್ಧಿ ಓಡಿಸದೆ ಸಮಿತಿಯ ಮಾತನ್ನೇ ತೀರ್ಪು ಮಾಡುವಂತಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಹೆಜ್ಜೆ 10: ಪರಿಹಾರದ ಲೆಕ್ಕ

‘ಕೋಟಿ ದಂಡ ಹಾಕಿ’ ಎಂದು ಸುಮ್ನೆ ಕೇಳಿದರೆ ಆಗದು. ಕಾರ್ಖಾನೆಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರ ಇದೆ. ಮಾಲಿನ್ಯ ಅಂಕ, ನಿಯಮ ಮುರಿದ ದಿನಗಳು, ರೂಪಾಯಿ ದರ, ಕಾರ್ಖಾನೆಯ ಗಾತ್ರ, ಜಾಗ ಇವಿಷ್ಟನ್ನೂ ಗುಣಿಸಬೇಕು. ಅಂಕ ಮಾಲಿನ್ಯ ಅತಿ ಹೆಚ್ಚಿರುವ ಕೆಂಪು ವರ್ಗಕ್ಕೆ 80, ಅದಕ್ಕಿಂತ ಕಡಿಮೆಯ ಕಿತ್ತಳೆಗೆ 50, ಇನ್ನೂ ಕಡಿಮೆಯ ಹಸಿರಿಗೆ 30. ದರ 250 ರೂಪಾಯಿ. ಗಾತ್ರ ಚಿಕ್ಕದಕ್ಕೆ 0.5, ಮಧ್ಯಮಕ್ಕೆ 1, ದೊಡ್ಡದಕ್ಕೆ 1.5. ಸಣ್ಣ ಊರಿನ ಕಿತ್ತಳೆ ವರ್ಗದ ಮಧ್ಯಮ ಕಾರ್ಖಾನೆ 100 ದಿನ ನಿಯಮ ಮುರಿದಿದ್ದರೆ 50 × 100 × 250 × 1 × 1, ಅಂದರೆ 12,50,000 ರೂಪಾಯಿ. ಇಲ್ಲೂ ನೋಡಿ, ಮೊತ್ತ ನಿಂತಿರುವುದು ದಿನಗಳ ಮೇಲೆ. ಎರಡು ತನಿಖೆಗಳ ನಡುವಿನ ಪ್ರತಿ ದಿನವನ್ನೂ ನೀವು ದಾಖಲೆಯಿಂದ ತೋರಿಸಬೇಕು.

ಊರವರ ನಷ್ಟ ಬೇರೆ. ಮೀನಿನ ಗುತ್ತಿಗೆ ಹರಾಜಿನ ರಸೀದಿ, ಬತ್ತಿಹೋದ ತೆಂಗಿನ ಮರಗಳ ಪಂಚನಾಮೆ, ಹೊಸ ಬೋರ್‌ವೆಲ್ ಬಿಲ್, ಪಶುವೈದ್ಯರ ಚೀಟಿ ಎಲ್ಲ ಮನೆ ಮನೆ ಹೋಗಿ ಕೂಡಿಸಿ. ಇದು ಬೇಜಾರಿನ ಕೆಲಸ ಅನ್ನಿಸಬಹುದು. ದಯವಿಟ್ಟು ಮಾಡಿ, ಆ ಮನೆಗಳಿಗೆ ದುಡ್ಡು ಬರುವ ದಾರಿ ಅದೊಂದೇ.

ಹೆಜ್ಜೆ 11: ನಿಮ್ಮ ಹೊಟ್ಟೆಪಾಡು

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೊಸಬರು ಸಾಲ ಮಾಡಿಕೊಂಡು ಈ ಕೆಲಸ ಬಿಡುತ್ತಾರೆ. ಕೆರೆ ಕೇಸುಗಳಿಂದ ಮನೆ ನಡೆಯುವುದಿಲ್ಲ. ನನ್ನ ಮನೆ ನಡೆದದ್ದು ಪಾಲು ವಿಭಾಗ, ಭೂಸ್ವಾಧೀನ ಪರಿಹಾರದ ಕೇಸುಗಳಿಂದ, ಸಣ್ಣ ಕಾರ್ಖಾನೆಗಳಿಗೆ ಸಮ್ಮತಿ ಷರತ್ತು ಪಾಲಿಸುವುದು ಹೇಗೆ ಎಂದು ಸಲಹೆ ಕೊಡುವುದರಿಂದ. ಕಾರ್ಖಾನೆಗಳಿಗೆ ಸಲಹೆ ಕೊಡುವುದರಲ್ಲಿ ತಪ್ಪಿಲ್ಲ. ಬಣ್ಣದ ಘಟಕ ನಡೆಸುವವನು ಕೆಟ್ಟವನೇ ಆಗಬೇಕಿಲ್ಲ, ಅಲ್ಲಿ ದುಡಿಯುವ 40 ಜನರ ಮನೆಯಲ್ಲೂ ಒಲೆ ಉರಿಯಬೇಕು. ನಾನು ಇಟ್ಟುಕೊಂಡ ಗೆರೆ ಒಂದೇ. ಒಂದು ಕೆರೆಯ ಜಲಾನಯನದಲ್ಲಿ ಊರವರ ಪರ ನಿಂತ ಮೇಲೆ ಅದೇ ಜಲಾನಯನದ ಯಾವ ಕಾರ್ಖಾನೆಯ ಕಾಗದವನ್ನೂ ಮುಟ್ಟುವುದಿಲ್ಲ.

ಪರಿಹಾರದಲ್ಲಿ ಪಾಲು ಕೊಡಿ ಎಂದು ಕೇಳುವಂತಿಲ್ಲ. ವಕೀಲರ ಪರಿಷತ್ತಿನ ನಿಯಮ ಅದನ್ನು ನಿಷೇಧಿಸಿದೆ. ಫೀಸು ಮೊದಲೇ ಮಾತಾಡಿ, ಬರೆದಿಡಿ. ಫೀಸು ಕೊಡಲಾಗದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು ಆದಾಯ ನೋಡದೆ ಉಚಿತ ನೆರವಿಗೆ ಅರ್ಹರು. ನಮ್ಮ ಎಷ್ಟೋ ಕೇಸುಗಳಲ್ಲಿ ಅರ್ಜಿದಾರರು ನೀರು ಹೊರುವ ಹೆಂಗಸರೇ. ಊರಲ್ಲಿ ಬೆದರಿಕೆ ಬರುವ ಸೂಚನೆ ಇದ್ದರೆ ಒಬ್ಬರ ಹೆಸರಲ್ಲಿ ಅರ್ಜಿ ಹಾಕಬೇಡಿ. ಹತ್ತು ಹನ್ನೆರಡು ಜನ ಸೇರಿ ಹಾಕಲಿ.

ಹೆಜ್ಜೆ 12: ಆದೇಶ ಬಂದ ಮೇಲೆ

ಆದೇಶ ಬಂದ ದಿನ ಊರಲ್ಲಿ ಸಿಹಿ ಹಂಚುತ್ತಾರೆ. ಬೆಳ್ಳಂದೂರು ಕೆರೆಯನ್ನು ನೆನೆಸಿಕೊಳ್ಳಿ. 2017ರಲ್ಲಿ ಕೆರೆಗೆ ಬೆಂಕಿ ಬಿತ್ತು, ಎನ್‌ಜಿಟಿ ತಾನೇ ಕೇಸು ಎತ್ತಿಕೊಂಡಿತು, 2018ರ ಡಿಸೆಂಬರ್‌ನಲ್ಲಿ ರಾಜ್ಯಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ಅಷ್ಟಾದ ಮೇಲೂ ಕೆರೆಯ ಕೆಲಸ ವರ್ಷಗಟ್ಟಲೆ ಎಳೆಯಿತು. ಎನ್‌ಜಿಟಿ ಆದೇಶವನ್ನು ಸಿವಿಲ್ ಕೋರ್ಟ್ ಡಿಕ್ರಿಯಂತೆ ಜಾರಿ ಮಾಡಿಸಬಹುದು, 25ನೇ ಕಲಂ ಕೆಳಗೆ. ಅದಕ್ಕೆ ಸಾಕ್ಷ್ಯ ಮತ್ತೆ ನೀವೇ ಕೂಡಿಸಬೇಕು.

ನಮ್ಮ ಕೆರೆಯಲ್ಲಿ ಆದೇಶ ಬಂದು ಆರು ತಿಂಗಳಿಗೆ ಪಾಲನಾ ವರದಿ ಬಂತು. ಘಟಕ 24 ಗಂಟೆ ನಡೆಯುತ್ತಿದೆ ಎಂದಿತ್ತು, ಬಣ್ಣ ಬಳಿದ ಹೊಸ ಯಂತ್ರದ ಫೋಟೋ ಇತ್ತು. ಬೆಳಗಿನ ಜಾವ ಮೀನು ಮಾತ್ರ ಹಾಗೇ ಬಾಯಿ ಮೇಲೆ ಮಾಡಿ ನಿಂತಿದ್ದವು. ಶುದ್ಧೀಕರಣ ಘಟಕದಲ್ಲಿ ಅತಿ ಹೆಚ್ಚು ಕರೆಂಟ್ ತಿನ್ನುವುದು ನೀರಿಗೆ ಗಾಳಿ ಊದುವ ಬ್ಲೋವರ್. ಅಲ್ಲಿದ್ದದ್ದು 30 ಕಿಲೋವ್ಯಾಟ್‌ನದು. ದಿನಕ್ಕೆ 24 ಗಂಟೆ, 30 ದಿನ ಓಡಿದರೆ ಅದೊಂದಕ್ಕೇ ತಿಂಗಳಿಗೆ 21,600 ಯುನಿಟ್ ಆಗಬೇಕು. ಆರ್‌ಟಿಐನಲ್ಲಿ ಘಟಕದ ಮೂರು ತಿಂಗಳ ಕರೆಂಟ್ ಬಿಲ್ ಕೇಳಿದೆವು. ಯಾವ ತಿಂಗಳೂ ಇಡೀ ಘಟಕದ್ದು ಸೇರಿ 5,000 ಯುನಿಟ್ ದಾಟಿರಲಿಲ್ಲ.

ಜಾರಿ ಅರ್ಜಿಗೆ ಆ ಮೂರು ಬಿಲ್ ಲಗತ್ತಿಸಿದೆವು. ಈಗ ಪ್ರತಿ ಮೂರು ತಿಂಗಳಿಗೊಮ್ಮೆ ಊರಿನ ಒಬ್ಬ ಹುಡುಗಿ ಅದೇ 150 ಪದದ ಅರ್ಜಿಯಲ್ಲಿ ತಿಂಗಳ ಹೆಸರು ಬದಲಿಸಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕಳಿಸುತ್ತಾಳೆ. ಬಿಲ್ ಬಂದ ತಕ್ಷಣ ಯುನಿಟ್ ಸಂಖ್ಯೆಯನ್ನು ಒಂದು ನೋಟ್ ಪುಸ್ತಕದಲ್ಲಿ ಬರೆಯುತ್ತಾಳೆ. ಪಕ್ಕದ ಕಾಲಂನಲ್ಲಿ ಅವತ್ತು ಬೆಳಗಿನ ಜಾವ ಅಜ್ಜ ಮೀನಿನ ಬಗ್ಗೆ ಹೇಳಿದ್ದನ್ನೂ ಬರೆದಿಡು ಎಂದು ಹೇಳಿದ್ದೇನೆ.